ಅಣ್ಣ ಹಚ್ಚಿದ ರೋಗ

ಇಳಕಲ್ಲಿನ ಅಂದಾನಪ್ಪನ ಮಗ್ಗ ನಡೆಯುತ್ತಿದ್ದದ್ದು ತಂಗಿ ಶೇಖವ್ವನ ಬೆರಳುಗಳಿಂದ. ಸೆರಗಿನ ರೇಷ್ಮೆ ಎಳೆಗಳನ್ನು ಸೀರೆಯ ಒಡಲಿನ ನೂಲಿಗೆ ಒಂದೊಂದಾಗಿ ಸಿಕ್ಕಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಅದಿಲ್ಲದೆ ಇಳಕಲ್ ಸೀರೆಯೇ ಇಲ್ಲ. ತಂದೆತಾಯಿ ತೀರಿಕೊಂಡ ಮೇಲೆ ಕೊಂಡಿ ಹಾಕುತ್ತಲೇ ಅವಳಿಗೆ ಇಪ್ಪತ್ತೆರಡು ತುಂಬಿತು. ವರನ ಕಡೆಯವರು ಬರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು, ಆಮೇಲೆ ಸುದ್ದಿಯೇ ಇಲ್ಲ. "ನಿನ್ನ ಹಣೇಬರಹ" ಎನ್ನುತ್ತಿದ್ದ ಅಣ್ಣ. ನಂಬಿದ್ದಳು, ಪಾಪ.

೧೯೭೯ರ ಒಂದು ಅಮಾವಾಸ್ಯೆ, ಕೂಡಲಸಂಗಮದ ಹೊಳೆಯ ಮೆಟ್ಟಿಲ ಮೇಲೆ ಬೇವೂರಿನ ಗುರುಲಿಂಗವ್ವ ಸಿಕ್ಕಳು. ಹಿಂದಿನ ವರ್ಷ ಮಗನಿಗೆಂದು ಶೇಖವ್ವನನ್ನು ನೋಡಿ ಹೋದಾಕೆ. ಪ್ರೀತಿಯಿಂದ ತಲೆ ಸವರಿದಳು. "ಫಿಟ್ಸ್ ಈಗ ಕಡಿಮಿ ಆಗ್ಯಾವೇನ ಯವ್ವಾ? ನಿಮ್ಮಣ್ಣ ಬೇವೂರಿಗೆ ಬಂದು ಇದ್ದದ್ದು ಇದ್ದಂಗ ಹೇಳಿದ. ಭಾಳ ಖರೆ ಮನಿಷ್ಯಾ."

ನೆಗಡಿ ಬಿಟ್ಟರೆ ಶೇಖವ್ವನಿಗೆ ಬೇರೆ ರೋಗವೇ ಗೊತ್ತಿಲ್ಲ. ಮಗ್ಗಕ್ಕೊಂದು ಬಿಟ್ಟಿ ಕೈ ಬೇಕೆಂದು ಒಡಹುಟ್ಟಿದವನೇ ಅವಳ ಬಾಳಿಗೆ ಮಣ್ಣು ಹಾಕಿದ್ದ. ಮನೆಗೆ ಬಂದು ಎಂದಿನಂತೆ ರೊಟ್ಟಿ ಬಡಿದಳು, ಕೊಂಡಿ ಹಾಕಿದಳು, ಹಲ್ಲು ಕಚ್ಚಿ ಕಾದಳು.

ಆ ವರ್ಷವೇ ಅಂದಾನಪ್ಪನಿಗೆ ಹೆಣ್ಣು ಕೊಡಲು ಹುನಗುಂದದವರು ಮನೆ ನೋಡಲು ಬಂದರು. ಅವನು ಹೊಸ ಧೋತರ ಉಟ್ಟು ದೊಡ್ಡ ಮನುಷ್ಯನ ಗತ್ತಿನಲ್ಲಿ ಕೂತಿದ್ದ. ಶೇಖವ್ವ ಚಹಾ ತಂದಳು, ಕಪ್ಪು ಬಸಿಗಳ ಸಮೇತ ನಡುಮನೆಯಲ್ಲೇ ದೊಪ್ಪನೆ ಬಿದ್ದಳು. ಕೈಕಾಲು ಬಡಿದಳು, ಕಣ್ಣು ಮೇಲೆ ಮಾಡಿದಳು.

"ಚಾವಿ ತರ್ರಿ, ಕೈಯಾಗ ಕಬ್ಬಿಣ ಹಿಡಸ್ರಿ" ಎಂದ ಹುನಗುಂದದ ಹಿರಿಯ.

"ನಾಟಕ ಮಾಡಾಕತ್ತಾಳ್ರಿ. ಅಕಿಗೆ ಯಾವ ರೋಗಾನೂ ಇಲ್ಲ" ಎಂದು ತೊದಲಿದ ಅಂದಾನಪ್ಪ.

"ಬೇವೂರಾಗ ನೀವ ಹೇಳಿದ್ದು ನಮ್ಮ ಕಿವಿಗೂ ಬಿದ್ದೈತ್ರಿ. ಸುಳ್ಳಿರಬೇಕು ಅಂತ ಬಂದಿದ್ವಿ. ಮನಿತನದಾಗ ಇದ್ದದ್ದು ಮೊಮ್ಮಕ್ಕಳಿಗೂ ಬರ್ತೈತಿ."

ಕೊನೆಗೆ ಅಂದಾನಪ್ಪನೇ ಮನೆಯ ಚಾವಿ ತಂದು ತಂಗಿಯ ಮುಷ್ಟಿಯಲ್ಲಿ ಹಿಡಿಸಬೇಕಾಯಿತು. ಅರೆಗಣ್ಣಿನಲ್ಲಿ ಅವನ ಮುಖ ನೋಡಿದಾಗ ಅವಳಿಗಾದ ಸುಖ ಅಷ್ಟಿಷ್ಟಲ್ಲ.

ಬಂದವರು ಹೋದ ಮೇಲೆ ಎದ್ದು ಸೀರೆ ಕೊಡವಿಕೊಂಡಳು. ಚಾವಿಯನ್ನು ಅವನ ಕಾಲ ಬಳಿ ಒಗೆದಳು.

"ಇನ್ನ ನನ್ನೂ ಯಾರೂ ಮಾಡ್ಕೊಳ್ಳಂಗಿಲ್ಲ, ಗೊತ್ತೈತಿ. ನಿನ್ನ ಮಗ್ಗಕ್ಕಂತೂ ದುಡಿಯಂಗಿಲ್ಲ."

ಎರಡು ಓಣಿ ಆಚೆ ಬಾಡಿಗೆ ಕೋಣೆ ಹಿಡಿದಳು. ಊರವರ ಸೀರೆಗಳಿಗೆ ಕೊಂಡಿ ಹಾಕಿ ತನ್ನ ರೊಟ್ಟಿ ತಾನು ತಿಂದಳು. ಕೆಲವು ರಾತ್ರಿ ಅತ್ತದ್ದೂ ಉಂಟು, ಆದರೆ ಪಶ್ಚಾತ್ತಾಪದಿಂದಲ್ಲ.

ಮುಂದೆ ಒಂದು ದಿನ, ಇನ್ನೂ ಮದುವೆಯಾಗದ ಅಂದಾನಪ್ಪ ಅವಳ ಹೊಸ್ತಿಲಲ್ಲಿ ಬಂದು ನಿಂತ. ಕಂಕುಳಲ್ಲಿ ಸೆರಗಿನ ರೇಷ್ಮೆ, ಒಡಲಿನ ನೂಲು ಇದ್ದವು.

"ಕೊಂಡಿ ಹಾಕಿ ಕೊಡ ತಂಗಿ. ಮಗ್ಗ ನಿಂತೈತಿ."

ಶೇಖವ್ವ ಬೇರೆಯವರ ಸೀರೆಯ ಮೇಲಿನ ಬೆರಳು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ಹೆಂಗ ಹಾಕ್ಲಿ ಅಣ್ಣಾ? ನನಗ ಫಿಟ್ಸ್ ಬರ್ತಾವಲ್ಲ."