ಏಕಾಂತಯ್ಯ ಹೇಳಿಕೊಡದ ಒಂದು ಮಾತು

ಏಕಾಂತಯ್ಯ ಕುಡಿಯುವುದನ್ನು ಬಿಟ್ಟು ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಅರಸೀಕೆರೆಯಲ್ಲಿ ಯಾರನ್ನು ಕೇಳಿದರೂ ಹೌದು ಅನ್ನುತ್ತಿದ್ದರು. ಒಂದು ಕಾಲಕ್ಕೆ ಅವನನ್ನು ಹೊತ್ತು ತಂದು ಮನೆ ಮುಂದೆ ಇಳಿಸುತ್ತಿದ್ದ ಆಟೋದವರೇ ಈಗ ಸಾಕ್ಷಿ ಹೇಳುತ್ತಿದ್ದರು. ನಂಬದೆ ಇದ್ದವಳು ಒಬ್ಬಳೇ, ಅವನ ಹೆಂಡತಿ ಲಲಿತಮ್ಮ. ಅವಳು ನಂಬದಿದ್ದ ಮೇಲೆ ಊರೆಲ್ಲ ನಂಬಿ ಏನು ಬಂತು?

ಲಲಿತಮ್ಮ ಐದು ವರ್ಷದಿಂದ ಹಗರೆಯಲ್ಲಿ ತಮ್ಮನ ಮನೆಯಲ್ಲಿದ್ದಳು. ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು. ಕುಡಿತ ಬಿಟ್ಟ ಹೊಸದರಲ್ಲಿ ಏಕಾಂತಯ್ಯ ಅಲ್ಲಿಗೆ ಹೋಗಿ, ಕೊಟ್ಟಿಗೆ ಮುಂದೆ ನಿಂತು, ಎದೆ ಮುಟ್ಟಿಕೊಂಡು ಹೇಳಿದ್ದ.

"ಲಲಿತಾ, ಬಿಟ್ಬಿಟ್ಟಿದ್ದೀನಿ ಕಣೇ. ಆಣೆ ಮಾಡಿ ಹೇಳ್ತೀನಿ, ಇನ್ನು ಮುಟ್ಟಲ್ಲ."

ಅವಳು ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಎಷ್ಟ್ ಚೆನ್ನಾಗಿ ಹೇಳ್ತೀರ! ಮೊದ್ಲಿಂದಾನೂ ಹಿಂಗೇ ಚೆನ್ನಾಗಿ ಹೇಳ್ತಿದ್ರಿ. ಅದೇ ತೊಂದ್ರೆ ಆಗಿದ್ದು."

ಅದು ಸುಳ್ಳಲ್ಲ. ಏಕಾಂತಯ್ಯನದು ಅಂಥ ಗಂಟಲು. ಕಣಕಟ್ಟೆಯಲ್ಲಿ ಅವನು ರಂಗದ ಮೇಲೆ ನಿಂತು ಹಾಡು ಎತ್ತಿದರೆ, ಕೊನೆಯ ಸಾಲಿನಲ್ಲಿ ಬೀಡಿ ಹಚ್ಚುವವನು ಕಡ್ಡಿ ಬೆರಳು ಸುಡುವ ತನಕ ಹಾಗೇ ಹಿಡಿದುಕೊಂಡಿರುತ್ತಿದ್ದ. ಜನ 'ಒನ್ಸ್ ಮೋರ್' ಅನ್ನುತ್ತಿದ್ದರು, ಇವನು ಮತ್ತೆ ಹಾಡುತ್ತಿದ್ದ. ಪ್ರವೇಶಕ್ಕೆ ಮುಂಚೆ ಗಂಟಲು ನೆನೆಸಿಕೊಳ್ಳಿ ಅಂತ ಲೋಟ ತಂದು ಕೊಟ್ಟವರೆಲ್ಲ ಅಭಿಮಾನಿಗಳೇ. ಪ್ರೀತಿಯಿಂದ ಕೊಟ್ಟವರನ್ನು ಬೈಯುವುದು ಹೇಗೆ? ಆ ಲೋಟ ಬರುಬರುತ್ತಾ ಪ್ರವೇಶವಿಲ್ಲದ ದಿನವೂ ಬೇಕಾಯಿತು. ಬೆಳಗಾದರೆ ಹೆಂಡತಿಯ ಮುಂದೆ ದೀಪ ಮುಟ್ಟಿ ಆಣೆ, ತಾಳಿ ಮುಟ್ಟಿ ಆಣೆ, ಕೊರಳ ಲಿಂಗ ಹಿಡಿದು ಆಣೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕಣ್ಣಲ್ಲಿ ನೀರು ತರಬೇಕು ಅನ್ನುವುದು ಅವನಿಗೆ ಯೋಚಿಸದೆಯೇ ಬರುತ್ತಿತ್ತು. ಸಂಜೆಗೆ ಮತ್ತೆ ಅದೇ. ಕಡೆಕಡೆಗೆ ಮಾತಾಡುತ್ತಿರುವುದು ಗಂಡನೋ ನಟನೋ ಅವಳಿಗೆ ಗೊತ್ತಾಗದೆ ಹೋಯಿತು. ಒಂದು ದಿನ ಬ್ಯಾಗು ತೆಗೆದುಕೊಂಡು ಹಗರೆ ಬಸ್ಸು ಹತ್ತಿದಳು.

ಈಗ ಏಕಾಂತಯ್ಯನಿಗೆ ಷಡಕ್ಷರಪ್ಪನವರ ಕೊಬ್ಬರಿ ಮಂಡಿಯಲ್ಲಿ ಕೆಲಸ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಇನ್ನೂ ಇದೆಯೋ, ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಹೇಳಬೇಕು. ತಪ್ಪು ಹೇಳಿದವನಲ್ಲ. ತನ್ನನ್ನೂ ಯಾರಾದರೂ ಹೀಗೆ ಒಂದು ಸಲ ಅಲ್ಲಾಡಿಸಿ ನೋಡಿ ಹೇಳಬಾರದೇ ಅಂತ ಎಷ್ಟೋ ಮಧ್ಯಾಹ್ನ ಆ ಅಟ್ಟದ ಮೇಲೆ ಕೂತು ಅಂದುಕೊಂಡಿದ್ದಾನೆ.

ಆ ಮಾಘದಲ್ಲಿ ಹಾರ್ಮೋನಿಯಂ ಮೇಷ್ಟ್ರು ನಂಜುಂಡಯ್ಯ ಒಂದು ಹೊಸ ನಾಟಕ ಬರೆದರು. ಹೆಸರು 'ಕಿರೀಟ ಇಳಿಸಿದ ರಾಜ'. ಕುಡಿತಕ್ಕೆ ಬಿದ್ದ ಒಬ್ಬ ನಟನ ಕಥೆ. ಅದು ಯಾರ ಕಥೆ ಅಂತ ಅರಸೀಕೆರೆಯಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ನಮ್ಮ ಕಡೆ ನಾಟಕದ ಪದ್ಧತಿ ಎಲ್ಲರಿಗೂ ಗೊತ್ತಲ್ಲ. ಸೀನರಿ, ಮೈಕು, ಬಣ್ಣದವರ ಖರ್ಚು ಯಾರು ಹೊರುತ್ತಾರೋ ದೊಡ್ಡ ಪಾತ್ರ ಅವರದು. ಹಾಗಾಗಿ ಕುಡುಕ ನಟನ ಪಾತ್ರ ಹುಟ್ಟಿದಾರಭ್ಯ ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿಯದ ಷಡಕ್ಷರಪ್ಪನವರಿಗೆ ಹೋಯಿತು. ಏಕಾಂತಯ್ಯನಿಗೆ ಸಿಕ್ಕಿದ್ದು ಪರದೆಯ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಹೇಳಿಕೊಡುವ ಕೆಲಸ.

"ಬೇಜಾರಾ ಏಕಾಂತು?" ಅಂತ ಮೇಷ್ಟ್ರು ಕೇಳಿದರು.

"ಯಾಕ್ ಮೇಷ್ಟ್ರೇ ಬೇಜಾರು? ನನ್ ಪಾರ್ಟು ನಾನು ಹತ್ ವರ್ಷ ಆಡಾಯ್ತಲ್ಲ" ಅಂದ. ಅಂದಮೇಲೆ ಎದ್ದು ಹೋಗಿ ನಲ್ಲಿ ಕೆಳಗೆ ತಲೆ ಹಿಡಿದು ನಿಂತ.

ಮಂಡಿಯ ಹಿಂದಿನ ಗೋಡೌನಿನಲ್ಲಿ ತಾಲೀಮು. ಮೊದಲ ದಿನವೇ ಷಡಕ್ಷರಪ್ಪನವರು ಎರಡು ಕೈಯನ್ನೂ ಗಾಳಿಗೆ ಬಿಟ್ಟು, ಗಾಳಿಪಟದ ಹಾಗೆ ತೂರಾಡಿ, ಕೊಬ್ಬರಿ ಚೀಲದ ಮೇಲೆ ಬಿದ್ದರು. ಹಮಾಲಿಗಳು ಬಾಯಿಗೆ ಟವೆಲ್ ಇಟ್ಟುಕೊಂಡು ನಕ್ಕರು. ಏಕಾಂತಯ್ಯನಿಗೆ ಮೈ ಉರಿಯಿತು.

ಮಾರನೆಯ ದಿನ ಸಾಹುಕಾರರು ಅವನನ್ನು ಒಬ್ಬನನ್ನೇ ಕರೆದರು. ಬಾಗಿಲು ಮುಂದೆ ಮಾಡಿ, ಹಳೇ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಟವೆಲ್ಲಿನ ತುದಿಯಿಂದ ಹಿಡಿದು, ಸತ್ತ ಇಲಿಯನ್ನು ಇಡುವ ಹಾಗೆ ಮೇಜಿನ ಮೇಲಿಟ್ಟರು.

"ಏನ್ ಸಾವ್ಕಾರ್ರೇ ಇದು?"

"ಡ್ರೈವರ್ ಕೈಲಿ ತರ್ಸಿದೆ ಕಣಪ್ಪ. ಮಠದೋರ್ಗೆ ಗೊತ್ತಾದ್ರೆ ನನ್ ಮಾನ ಹೋಯ್ತದೆ. ನೋಡು, ನಂಗೆ ಅದ್ರ ಗಂಧಾನೇ ಗೊತ್ತಿಲ್ಲ. ನೀನು ಒಂಚೂರ್ ಹಾಕ್ಕೊಂಡು, ಇಲ್ಲಿಂದ ಅಲ್ಲಿಗೆ ನಡೆದು ತೋರ್ಸು. ನೋಡ್ಕೊಂಡ್ ಕಲ್ತ್ಕೋತೀನಿ. ಒಂದೇ ಸಲ."

ಸಾಹುಕಾರರ ಮುಖದಲ್ಲಿ ಕಪಟ ಒಂದಿಷ್ಟೂ ಇರಲಿಲ್ಲ. ಅಡಿಗೆ ಭಟ್ಟನ ಹತ್ತಿರ ಉಪ್ಪು ನೋಡು ಅಂದ ಹಾಗೆ ಅಂದಿದ್ದರು. ಹೊಡೆಯೋಣವೆಂದರೂ ಮನಸ್ಸು ಬರದಂಥ ಮುಖ! ಏಕಾಂತಯ್ಯ ಆ ಪೊಟ್ಟಣ ನೋಡಿದ. ಬಿಚ್ಚದೆ ಇದ್ದರೂ ಅದರ ವಾಸನೆ ಅವನಿಗೆ ಗೊತ್ತು. ಮುಚ್ಚಳ ತಿರುವಿದಾಗ ಆಗುವ ಕಟಕಟ ಸದ್ದೂ ಗೊತ್ತು. ನಾಲಿಗೆಯ ಬುಡದಲ್ಲಿ ನೀರೂರಿತು. ಮೂರು ವರ್ಷ ನಾಲ್ಕು ತಿಂಗಳು ಒಂದು ಗುಟುಕಿನಷ್ಟು ಚಿಕ್ಕದಾಗಿ ಕಂಡಿತು. ಯಾರಿಗೆ ತಿಳಿಯುತ್ತೆ? ಹೇಗಿದ್ದರೂ ಅವಳು ನಂಬುವುದಿಲ್ಲವಲ್ಲ.

ಆಮೇಲೆ ಸಿಟ್ಟು ಬಂತು. ಆ ಸಿಟ್ಟೇ ಅವನನ್ನು ಉಳಿಸಿತು.

"ಎತ್ರೀ ಅದನ್ನ ಅಲ್ಲಿಂದ!" ಅಂದ ದನಿಗೆ ಹೊರಗಿದ್ದ ಹಮಾಲಿಗಳು ಇಣುಕಿದರು. "ಕುಡಿದೋನು ಕುಡುಕನ ಪಾರ್ಟ್ ಮಾಡಕ್ಕಾಯ್ತದೇನ್ರೀ? ನಾನು ಕುಡ್ಕಂಡು ರಾಜನ ಪಾರ್ಟ್ ಮಾಡಿ ಮುಗ್ಗರಿಸಿ ಬಿದ್ದೋನು. ಹೊಳೆಗೆ ಹಾಕ್ಸಿ ಅದನ್ನ, ನಾನು ಹಂಗೇ ತೋರುಸ್ತೀನಿ."

ಷಡಕ್ಷರಪ್ಪನವರು ಹೆದರಿ ಪೊಟ್ಟಣವನ್ನು ಟವೆಲ್ ಸಮೇತ ಎತ್ತಿಕೊಂಡರು.

"ಕುಡುಕ ತೂರಾಡಲ್ಲ ಸಾವ್ಕಾರ್ರೇ" ಅಂದ ಏಕಾಂತಯ್ಯ, ದನಿ ಇಳಿಸಿ. "ತೂರಾಡಬಾರ್ದು ಅಂತ ಒದ್ದಾಡ್ತಾನೆ. ಅದೇ ಅವನ ಕಷ್ಟ. ನೋಡಿ."

ಅಟ್ಟದ ಏಣಿಯ ಪಕ್ಕದಲ್ಲಿ ಒಂದು ಬಾಗಿಲಿದೆ ಅಂದುಕೊಂಡ. ದೂರದಲ್ಲೇ ನಿಂತು ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡ, ಸದ್ದಾಗಬಾರದಲ್ಲ. ಅಂಗಿಯ ಗುಂಡಿಗಳನ್ನು ಮೇಲಿಂದ ಕೆಳಕ್ಕೆ ಮುಟ್ಟಿ ಮುಟ್ಟಿ ಎಣಿಸಿದ. ಬಾಗಿಲ ತೋಳನ್ನು ಎಡಗೈಯಲ್ಲಿ ಹಿಡಿದು, ಬಲಗಾಲನ್ನು ಮಗುವಿನ ಕಾಲಿನಷ್ಟು ಮೆತ್ತಗೆ ಮುಂದೆ ಚಾಚಿ, ಹೆಬ್ಬೆರಳಿನಲ್ಲಿ ನೆಲ ತಡಕಿದ.

"ಇದ್ಯಾಕೆ ಕಾಲು ಹಂಗೆ?"

"ಒಳಗೆ ಕಾಲಿಟ್ರೆ ಎಡಗಡೆ ನೀರಿನ ಬಿಂದಿಗೆ ಇರ್ತದೆ. ತಾಮ್ರದ್ದು. ತಗುಲಿದ್ರೆ ಸದ್ದಾಗಿ ಅವಳು ಎದ್ಬಿಡ್ತಾಳೆ. ಎಷ್ಟೇ ಕುಡಿದಿದ್ರೂ ಒಂದ್ ದಿನಾನೂ ತಗುಲಿಸ್ಲಿಲ್ಲ ನಾನು" ಅಂದ. ಅವನ ಬದುಕಿನ ಆ ಹತ್ತು ವರ್ಷದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಷಡಕ್ಷರಪ್ಪನವರು ವ್ಯಾಪಾರಸ್ಥರು, ನೋಡಿದ್ದನ್ನು ಬಿಡುವವರಲ್ಲ. ಒಂದು ತಿಂಗಳು ಚೀಲಗಳ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ನಡೆದೂ ನಡೆದೂ, ಆ ಹೊಟ್ಟೆಯ ಮನುಷ್ಯನೊಳಗೆ ಏಕಾಂತಯ್ಯ ಬಂದು ಕೂತ. ಮಾತು ಮಾತ್ರ ಅವರಿಗೆ ನಿಲ್ಲುತ್ತಿರಲಿಲ್ಲ. ಬಾಗಿಲ ಮುಂದಿನ ಆಣೆಯ ದೃಶ್ಯ ಬಂದಾಗಲೆಲ್ಲ ಮರೆಯುತ್ತಿದ್ದರು. "ನೀನಿದ್ದೀಯಲ್ಲ, ಹೇಳ್ಕೊಡ್ತೀಯ ಬಿಡು" ಅನ್ನುತ್ತಿದ್ದರು.

ಮೊದಲ ಪ್ರದರ್ಶನ ಬೇಲೂರಿನಲ್ಲಿ ಗೊತ್ತಾಯಿತು. ಅರೇಹಳ್ಳಿ ಕಡೆಯಿಂದ ಬರುವವರು ಕತ್ತಲಾದರೆ ಆನೆಗೆ ಹೆದರಿ ಬರುವುದಿಲ್ಲ ಅಂತ ಭಾನುವಾರ ಮಧ್ಯಾಹ್ನ ಎರಡಕ್ಕೇ ಆಟ ಇಟ್ಟರು. ಬೇಲೂರು ಅಂದ ಕೂಡಲೇ ಏಕಾಂತಯ್ಯನಿಗೆ ಹಗರೆ ನೆನಪಾಯಿತು. ಬಸ್ಸಿನಲ್ಲಿ ಕೂತರೆ ಅಲ್ಲಿಂದ ಅರ್ಧ ಗಂಟೆಯ ದಾರಿ! ಕರಪತ್ರದಲ್ಲಿ ಎಲ್ಲರ ಫೋಟೋ ಇತ್ತು, ಇವನ ಹೆಸರೂ ಇರಲಿಲ್ಲ. ಅದರ ಹಿಂದೆ ಪೆನ್ನಿನಲ್ಲಿ ಬರೆದ: 'ನಾನು ಪಾತ್ರದಲ್ಲಿಲ್ಲ. ಮರೆಯಲ್ಲಿ ಇರುತ್ತೇನೆ.' ಇನ್ನೇನಾದರೂ ಬರೆಯೋಣ ಅಂತ ಪೆನ್ನು ಹಿಡಿದು ಕೂತ. ಏನು ಬರೆದರೂ ಡೈಲಾಗಿನ ಹಾಗೆ ಕಂಡಿತು. ಅಷ್ಟನ್ನೇ ಮಡಚಿ, ಲಲಿತಮ್ಮನಿಗೆ ಕೊಡಿ ಅಂತ ಹಗರೆ ಡೈರಿಗೆ ಹೋಗುವವರ ಕೈಲಿ ಕೊಟ್ಟು ಕಳಿಸಿದ.

ಭಾನುವಾರ ಪರದೆಯ ತೂತಿನಿಂದ ನೋಡಿದ. ಹೆಂಗಸರ ಕಡೆ ನಾಲ್ಕನೆಯ ಸಾಲು, ಗೋಡೆಯ ಪಕ್ಕ. ಹಸಿರು ಸೀರೆ. ಕೂದಲು ಮುಂದೆ ಬೆಳ್ಳಗಾಗಿದೆ. ತೊಡೆಯ ಮೇಲೆ ಬ್ಯಾಗು, ಯಾವ ಹೊತ್ತಿಗೆ ಬೇಕಾದರೂ ಎದ್ದು ಹೋಗುವವಳ ಹಾಗೆ. ಏಕಾಂತಯ್ಯ ನಾಟಕದ ನೋಟ್‌ಬುಕ್ಕು ಕೈಗೆ ತೆಗೆದುಕೊಂಡು ಮರೆಯಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತ.

ನಾಟಕ ಚೆನ್ನಾಗಿಯೇ ನಡೆಯಿತು. ಮೂರನೆಯ ಅಂಕದಲ್ಲಿ ಆ ದೃಶ್ಯ ಬಂತು. ಷಡಕ್ಷರಪ್ಪನವರು ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡರು. ಗುಂಡಿ ಎಣಿಸಿದರು. ಹೊರಬಾಗಿಲ ತೋಳು ಹಿಡಿದು, ಹೆಬ್ಬೆರಳು ಮುಂದೆ ಚಾಚಿ ನೆಲ ತಡಕುತ್ತಾ ಒಳಗೆ ಬಂದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಆ ನಗು ತಾನಾಗೇ ನಿಂತಿತು. ಲಲಿತಮ್ಮನ ಕೈ ಬಾಯಿಗೆ ಹೋಯಿತು.

ಒಳಕೋಣೆಯ ಮುಚ್ಚಿದ ಬಾಗಿಲ ಆಚೆ, ಹೆಂಡತಿಯ ಪಾತ್ರ ಮಾಡುವ ಅರುಣಾ ಅಗುಳಿಗೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು. ಗಂಡ ಆಣೆ ಇಟ್ಟ ಮೇಲೆ ಅವಳು ಬಾಗಿಲು ತೆಗೆಯಬೇಕು. ಷಡಕ್ಷರಪ್ಪನವರು ಬಾಯಿ ತೆರೆದರು. ಮಾತು ಬರಲಿಲ್ಲ. ಎಂದಿನಂತೆ ಮರೆತಿದ್ದರು. ಓರೆಗಣ್ಣಲ್ಲಿ ಪರದೆಯ ಕಡೆ ನೋಡಿದರು.

ಏಕಾಂತಯ್ಯನ ಮುಂದೆ ಹಾಳೆ ತೆರೆದಿತ್ತು. 'ಈ ದೀಪದಾಣೆ, ನಿನ್ನ ತಾಳಿಯಾಣೆ, ಇನ್ನು ಮುಟ್ಟುವುದಿಲ್ಲ.' ಹಾಳೆ ನೋಡುವುದೇ ಬೇಡ, ನಿದ್ದೆಯಲ್ಲೂ ಹೇಳುವ ಮಾತು. ಅವನ ಪಿಸುದನಿಯೂ ನಾಲ್ಕನೆಯ ಸಾಲಿಗೆ ಕೇಳುತ್ತದೆ, ಅಂಥ ಗಂಟಲು. ಅವಳು ಗುರುತು ಹಿಡಿಯುತ್ತಾಳೆ. ಅದೇ ದನಿ, ಅದೇ ಆಣೆ, ಮತ್ತೊಂದು ಸಲ. ಬಾಯಿ ತೆರೆದ, ಮುಚ್ಚಿದ.

ಕೆಳಗೆ ಹಾರ್ಮೋನಿಯಂ ಮುಂದೆ ಕೂತಿದ್ದ ನಂಜುಂಡಯ್ಯ ಮೇಷ್ಟ್ರು ಕಣ್ಣಲ್ಲೇ ಬೈಯುತ್ತಿದ್ದರು. ಷಡಕ್ಷರಪ್ಪನವರ ಕೆನ್ನೆಯ ಬಣ್ಣದ ಮೇಲೆ ಬೆವರು ಗೆರೆ ಹೊಡೆಯಿತು. "ಹೇಳ್ಲಾ" ಅಂತ ತುಟಿ ಅಲ್ಲಾಡಿಸಿದರು. ಏಕಾಂತಯ್ಯ ನೋಟ್‌ಬುಕ್ಕು ಮುಚ್ಚಿ ಎದೆಗೆ ಒತ್ತಿಕೊಂಡ. ಕೆಲಸ ಹೋಗಲಿ, ಸಾಹುಕಾರರು ಅಟ್ಟದಿಂದ ಇಳಿಸಲಿ, ಈ ಒಂದು ಮಾತು ಮಾತ್ರ ಇನ್ನು ತನ್ನ ಬಾಯಿಂದ ಅವಳ ಕಿವಿಗೆ ಬೀಳುವುದಿಲ್ಲ.

ಮಾತು ಮರೆತ ಷಡಕ್ಷರಪ್ಪನವರು ಚಪ್ಪಲಿ ಕೈಯಲ್ಲಿ ಹಿಡಿದು, ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತರು. ನಿಜವಾಗಿಯೂ ದಿಕ್ಕು ಕಾಣದೆ ನಿಂತರು. ಇಡೀ ಸಭೆಗೆ ಆ ಕಷ್ಟ ತಿಳಿಯಿತು. ಆಚೆ ಕಾದು ಕಾದು ಸಾಕಾದ ಅರುಣಾ, ಇನ್ನೇನು ಮಾಡುವುದು ಅಂತ ತಾನಾಗಿಯೇ ಅಗುಳಿ ಸರಿಸಿ ಬಾಗಿಲು ತೆರೆದಳು. ಆಮೇಲೆ ಚಪ್ಪಾಳೆ ಬಿದ್ದದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತಂತೆ.

ಪರದೆ ಬಿದ್ದ ಮೇಲೆ ಷಡಕ್ಷರಪ್ಪನವರು ಹಾರ ಹಾಕಿಕೊಂಡೇ ಓಡಿ ಬಂದರು. ಬೈಯಲೋ ತಬ್ಬಲೋ ಅವರಿಗೇ ತಿಳಿದಿರಲಿಲ್ಲ.

"ಕೈ ಕೊಟ್ಟೆಯಲ್ಲೋ ಪಾಪಿ! ಪ್ರಾಣ ಬಾಯಿಗ್ ಬಂದಿತ್ತು ಕಣೋ! ಆದ್ರೂ ನೋಡ್ದಾ ಚಪ್ಪಾಳೆ? ಮುಂದಿನ್ ಆಟದಾಗೂ ಮರ್ತೇ ಬಿಡ್ತೀನಿ!"

ಏಕಾಂತಯ್ಯ ಅವರ ಮಾತು ಕೇಳಲಿಲ್ಲ. ಮೆಟ್ಟಿಲ ಹತ್ತಿರ ಲಲಿತಮ್ಮ ನಿಂತಿದ್ದಳು. ಐದು ವರ್ಷದಲ್ಲಿ ಅವಳಾಗಿ ಅವನಿದ್ದಲ್ಲಿಗೆ ಬಂದದ್ದು ಇದೇ ಮೊದಲು. ಅವಳು ಅವನ ಕೈಯಲ್ಲಿದ್ದ ಮುಚ್ಚಿದ ನೋಟ್‌ಬುಕ್ಕು ನೋಡಿದಳು.

"ಅಲ್ಲೊಂದು ಮಾತಿತ್ತಾ?"

"ಇತ್ತು."

"ಗೊತ್ತಿರ್ಲಿಲ್ವಾ ನಿಮ್ಗೆ?"

"ಗೊತ್ತಿತ್ತು" ಅಂದ. ಜೀವಮಾನದಲ್ಲಿ ಮೊದಲ ಸಲ ಅವಳ ಮುಂದೆ ಮಾತಿಲ್ಲದೆ ನಿಂತಿದ್ದ.

ಲಲಿತಮ್ಮ ಸೆರಗಿನಿಂದ ಮೂಗೊರಸಿಕೊಂಡಳು. "ಬಿಂದಿಗೆ ತಗುಲಬಾರ್ದು ಅಂತ ಹೆಬ್ಬೆರಳಲ್ಲಿ ತಡಕೋದನ್ನ ಸಾವ್ಕಾರ್ರಿಗೆ ಹೇಳ್ಕೊಟ್ಟಿದ್ದೀರಲ್ಲ. ಎಲ್ರಿ ತಗುಲ್ತಿತ್ತು? ದಿನಾ ಮಲಗೋ ಮುಂಚೆ ನಾನೇ ಅದನ್ನ ತೆಗೆದು ಅಡಿಗೆಮನೆಲಿ ಇಡ್ತಿದ್ದೆ. ನೀವು ಬಿದ್ದುಗಿದ್ದೀರಿ ಅಂತ. ನೀವು ತಡಕೋದು ಮಲಗಿದ್ದಲ್ಲಿಂದಾನೇ ನೋಡ್ತಿದ್ದೆ."

ಏಕಾಂತಯ್ಯನ ಒಳಗೆ ಏನೋ ಚಿಪ್ಪು ಬಿಟ್ಟಿತು. ಹತ್ತು ವರ್ಷ ಇಲ್ಲದ ಬಿಂದಿಗೆಯನ್ನು ತಡಕಿದ್ದ. ಅಷ್ಟೂ ರಾತ್ರಿ ಅವಳು ಎಚ್ಚರವಿದ್ದಳು.

"ಬಸ್ ಬತ್ತದೆ, ಹಾಲ್ ಕರೆಯೋ ಹೊತ್ತು" ಅಂತ ಅವಳು ತಿರುಗಿದಳು. ಎರಡು ಹೆಜ್ಜೆ ಹೋಗಿ ನಿಂತಳು. "ಬುಧವಾರ ಬನ್ನಿ. ಡೈರಿಗೆ ಹೋಗಿ ಬಂದ್ಮೇಲೆ ಇರ್ತೀನಿ. ಮಾತುಗೀತು ಏನೂ ಬ್ಯಾಡ. ಬಂದು ಕೂತ್ಕೊಂಡು ಕಾಫಿ ಕುಡ್ಕೊಂಡ್ ಹೋಗಿ."

ಅವನು ತಲೆಯಾಡಿಸಿದ. ಸ್ಟ್ಯಾಂಡಿನ ತನಕ ದೂರದಿಂದಲೇ ಹಿಂದೆ ಹೋದ. ಬಸ್ಸಿನ ಕಿಟಕಿಯಲ್ಲಿ ಅವಳು ಕಂಡಳು, ಅವನ ಕಡೆ ನೋಡಲಿಲ್ಲ. ಸೀಟಿನ ಪಕ್ಕ ದಾರಿಯಲ್ಲಿ ಇಟ್ಟಿದ್ದ ಬ್ಯಾಗನ್ನು ಬಗ್ಗಿ ಎತ್ತಿ ತನ್ನ ಕಾಲಿನ ಹತ್ತಿರಕ್ಕೆ ಎಳೆದುಕೊಂಡಳು, ಹತ್ತಿ ಬರುವವರು ಎಡವದ ಹಾಗೆ. ಬಸ್ಸು ಹೊರಟಿತು. ಭಾನುವಾರದಿಂದ ಬುಧವಾರಕ್ಕೆ ಮೂರು ದಿನ. ಐದು ವರ್ಷಕ್ಕಿಂತ ಅದೇ ಉದ್ದವಾಗಿ ಕಂಡಿತು.