ಕೊರಮೀನಿನ ಮರಿಗಳು

ಧರ್ಮಪುರದ ಕೆರೆ ತುಂಬಿದ ವರ್ಷ ಜೊಂಡಿನ ಬಳಿ ಕೊರಮೀನೊಂದು ತನ್ನ ಕೆಂಪು ಮರಿಗಳ ಹಿಂಡನ್ನು ಕಾಯುತ್ತಿತ್ತು. “ಮರಿ ದೊಡ್ಡವಾಗ್ಲಿ, ಅಲ್ಲೀತಂಕ ಗಾಳ ಹಾಕ್ಬ್ಯಾಡ ಕಣಲೇ” ಎಂದು ಅಣ್ಣ ಹೇಳಿದ್ದ. ಆದರೂ ನೆಂಟರು ಬಂದ ದಿನ ನಾನು ಅವನಿಗೆ ತಿಳಿಯದಂತೆ ಆ ಮೀನನ್ನೇ ಹಿಡಿದೆ. ಹಿರಿಯೂರಿನಿಂದ ಕೊಂಡು ತಂದೆನೆಂದು ಸುಳ್ಳು ಹೇಳಿದೆ. ಅಣ್ಣ ಎರಡು ಸಲ ಸಾರು ಹಾಕಿಸಿಕೊಂಡು ಉಂಡ.

ಮರುದಿನ ಬೆಳಿಗ್ಗೆ ಇಬ್ಬರೂ ಕೆರೆಗೆ ಹೋದೆವು. ಕಾಯುವವರಿಲ್ಲದ ಮರಿಗಳನ್ನು ಬೆಳ್ಳಕ್ಕಿಗಳು ಒಂದೊಂದಾಗಿ ಹೆಕ್ಕುತ್ತಿದ್ದವು. ಅಣ್ಣ ಕಲ್ಲೆಸೆದು ಓಡಿಸಿದ. ಅವು ಮತ್ತೆ ಬಂದವು. “ಯಾವ ಪಾಪಿ ಹಿಡ್ಕಂಡು ಹೋದ್ನೋ” ಎನ್ನುತ್ತ ಅವನು ದಡದಲ್ಲೇ ಕುಸಿದು ಕೂತ. ನಾನೂ ಒಂದು ಕಲ್ಲೆತ್ತಿ ಬೆಳ್ಳಕ್ಕಿಗಳತ್ತ ಎಸೆದೆ.

ಹೋದ ವರ್ಷ ಅಣ್ಣ ತೀರಿಕೊಂಡ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹತ್ತು ದಿನ ಅವನ ಪಕ್ಕದಲ್ಲೇ ಕೂತಿದ್ದೆ. ಹಿಡಿದದ್ದು ನಾನೇ ಎಂದು ಆಗಲೂ ಹೇಳಲಿಲ್ಲ.