ಓರಿಕ್ಸ್ ಮುಂದೆ ನಿಂತ ಫೋಟೋ

ಮಗಳ ಕಾಗದದಲ್ಲಿ ಒಂದು ಶರತ್ತಿತ್ತು: “ಮಮ್ಮಿ, ಓರಿಕ್ಸ್‌ನ ಫೋಟೋ ಕಳಿಸು. ನೀವು ಯಾರೂ ಅದರ ಮುಂದೆ ನಿಲ್ಲಬೇಡಿ.”

ಅವಳಿಗೆ ಎಂಟು ವರ್ಷ. ಉಡುಪಿಯಲ್ಲಿ ನನ್ನ ತಾಯಿಯ ಹತ್ತಿರ ಅವಳನ್ನು ಬಿಟ್ಟು ನಾನು ಗಲ್ಫಿನಲ್ಲಿ ಗಂಡ ಕೆಲಸಕ್ಕಿದ್ದ ಅಲ್ ಹೈಲ್‌ಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಶಾಲೆಗೆ ಸೇರಿದ ಮಗುವನ್ನು ನಡುವೆ ಬಿಡಿಸುವುದು ಬೇಡ ಎಂದು ಹಿರಿಯರು ಹೇಳಿದ್ದರು, ನಾವೂ ಒಪ್ಪಿದ್ದೆವು. ಉದ್ದ ಕೊಂಬಿನ ಆ ಬಿಳಿ ಪ್ರಾಣಿಯ ಬಗ್ಗೆ ಅವಳಿಗೆ ಬರೆದವಳು ನಾನೇ. ಇಲ್ಲಿ ಒಂದೂ ಉಳಿಯದಂತೆ ಬೇಟೆಯಾಡಿದ್ದರಂತೆ, ಈಗ ಹೊರಗಿನಿಂದ ತಂದು ಮತ್ತೆ ಬಿಟ್ಟಿದ್ದಾರಂತೆ. ಕಳೆದುಹೋದದ್ದನ್ನೂ ದೇವರು ತಿರುಗಿ ಕೊಡುತ್ತಾನೆ ಎಂದು ಕೊನೆಗೆ ಸೇರಿಸಿದ್ದೆ. ಅದು ಅವಳಿಗಿಂತ ಹೆಚ್ಚು ನನಗೇ ಬರೆದುಕೊಂಡದ್ದು.

ಅವಳ ಶರತ್ತಿಗೆ ಕಾರಣವಿತ್ತು. ನಮ್ಮವರಲ್ಲಿ ಜನರಿಲ್ಲದ ಫೋಟೋ ಎಂದರೆ ಫಿಲ್ಮ್ ದಂಡ. ಕೋಟೆಯಾಗಲಿ, ಹೊಸ ಫ್ರಿಜ್ಜಾಗಲಿ, ಮುಂದೆ ಒಬ್ಬರು ನಿಲ್ಲಲೇಬೇಕು. ನಾವು ಚೆನ್ನಾಗಿದ್ದೇವೆಂದು ಊರಿನವರಿಗೆ ತಿಳಿಯಬೇಡವೇ? ಇಲ್ಲಿನ ರುಸ್ತಾಕ್ ಕೋಟೆ ಅವಳಿಗೆ ತಲುಪಿದ್ದು ಅವಳಪ್ಪನ ಹೆಗಲ ಹಿಂದಿನ ಒಂದು ತುಂಡು ಗೋಡೆಯಾಗಿ.

ಇವರ ಆಫೀಸಿನ ಮೇಲಧಿಕಾರಿಯೊಬ್ಬರು ಆ ಪ್ರಾಣಿಗಳನ್ನು ಬಿಟ್ಟಿದ್ದ ಮೃಗಧಾಮಕ್ಕೆ ಹೋಗುವ ಪರವಾನಗಿ ಮಾಡಿಸಿಕೊಟ್ಟರು. ಗುರುವಾರ ಇಡೀ ದಿನ ಕಾರಿನ ದಾರಿ. ಅಲ್ಲಿ ವಾರದ ರಜೆ ಶುಕ್ರವಾರ, ನಮಗೆ ಅದೇ ಭಾನುವಾರ; ಚರ್ಚಿನ ಬಲಿಪೂಜೆ ತಪ್ಪುತ್ತದಲ್ಲ ಎಂದು ಕಾರಿನಲ್ಲೇ ಜಪಸರ ಹೇಳಿದೆ. ಟೈರು ಪಂಕ್ಚರ್ ಆಗಲಿಲ್ಲ, ಫ್ಲಾಸ್ಕಿನ ಚಹಾ ಕೊನೆಯವರೆಗೂ ಬಿಸಿಯಿತ್ತು.

ಬೆಳಿಗ್ಗೆ ನೋಡಿದರೆ ಬಯಲಿಡೀ ಮಂಜು. ಜಲ್ಲಿ ನೆಲ, ಮೊಣಕಾಲೆತ್ತರದ ಕುರುಚಲು ಗಿಡ. ಮಳೆ ಕಾಣದ ಆ ಜಾಗದಲ್ಲಿ ಎಲೆಯೆಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿನ ಕಾವಲುಗಾರ, ಮರುಭೂಮಿಯ ಬದೂ ಜನದವನು, ಕಹ್ವಾ ಕಾಫಿ ಕೊಟ್ಟು, ಮುರುಕು ಹಿಂದಿಯಲ್ಲಿ ಮಕ್ಕಳೆಲ್ಲಿ ಎಂದು ಕೇಳಿದ. ಒಬ್ಬಳು, ಇಂಡಿಯಾದಲ್ಲಿದ್ದಾಳೆ ಎಂದೆ. ಅವನು ನನ್ನ ಪಾಲಿನ ಖರ್ಜೂರ ಕೊಟ್ಟ ಮೇಲೆ ಇನ್ನೊಂದು ಹಿಡಿ ಕೊಟ್ಟು, ಇದು ಅವಳಿಗೆ ಎಂದ.

ಬಯಲಿನಲ್ಲಿ ಸ್ವಲ್ಪ ದೂರ ನಡೆದ ಮೇಲೆ ಅವನು ಕೈಯೆತ್ತಿ ನಮ್ಮನ್ನು ನಿಲ್ಲಿಸಿದ. ಮಂಜಿನೊಳಗಿಂದ ಮೂರು ಓರಿಕ್ಸ್ ಬಂದವು. ಒಂದು ತಲೆ ತಗ್ಗಿಸಿ ಎಲೆಯ ನೀರು ನೆಕ್ಕತೊಡಗಿತು.

ಇವರು ಕ್ಯಾಮರಾ ಕಣ್ಣಿಗಿಟ್ಟು ಪಿಸುಗುಟ್ಟಿದರು. “ಹೋಗಿ ನಿಲ್ಲು ಮಾರಾಯ್ತಿ. ಸ್ವಲ್ಪ ಈಚೆ. ನಗು.”

ನಾನು ಹೋಗಿ ನಿಂತೆ. ಸೆರಗು ಸರಿಮಾಡಿಕೊಂಡು ನಕ್ಕೆ ಕೂಡ. ಕ್ಲಿಕ್ಕೆಂದ ಮೇಲೆಯೇ ಕಾಗದ ನೆನಪಾದದ್ದು.

“ನಾವು ಮುಂದೆ ನಿಲ್ಲಬಾರದು ಅಂತ ಮಗು ಬರೆದಿತ್ತಲ್ಲ ರೀ.”

ಇವರು ಮತ್ತೆ ಕ್ಯಾಮರಾ ಎತ್ತುವಷ್ಟರಲ್ಲಿ ಓರಿಕ್ಸ್‌ಗಳು ಮಂಜಿಗೆ ಸೇರಿದ್ದವು. “ಖಲಾಸ್,” ಎಂದು ಕೂತುಬಿಟ್ಟರು. ತೆನೆಹಬ್ಬದ ಫೋಟೋಗಳು ಮುಗಿದು ರೋಲಿನಲ್ಲಿ ಉಳಿದಿದ್ದದ್ದು ಇನ್ನು ಎರಡೇ. ಮಧ್ಯಾಹ್ನದವರೆಗೆ ಕಾದೆವು, ಒಂದೂ ಬರಲಿಲ್ಲ. ಆ ಎರಡರಲ್ಲೂ ಬರಿ ಬಯಲು ಬಂತು.

ತೊಳೆಸಿದಾಗ ಫೋಟೋದ ತುಂಬ ನಾನೇ. ನನ್ನ ಕಿವಿಯ ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ, ಅದಕ್ಕೆ ಎರಡು ಗೆರೆ ಕೊಂಬು. ಕ್ಷಮಿಸು ಮಗಾ ಎಂದು ಬರೆದು, ಊರಿಗೆ ಹೊರಟವರ ಕೈಯಲ್ಲಿ ಖರ್ಜೂರದ ಜೊತೆ ಕಳಿಸಿದೆ. ಸಿಟ್ಟಾಗುತ್ತಾಳೆ, ಇನ್ನು ಬರೆಯುವುದೇ ಇಲ್ಲವೇನೋ ಎಂದು ಮೂರು ವಾರ ಹೆದರಿದ್ದೆ.

ಉತ್ತರ ಬಂತು. ಓರಿಕ್ಸ್‌ನ ಸುದ್ದಿಯೇ ಇಲ್ಲ.

“ಮಮ್ಮಿ, ನೀನು ಯಾಕೆ ಇಷ್ಟು ಸಪೂರ ಆಗಿದ್ದಿ? ಅಲ್ಲಿ ಊಟ ಸರಿ ಮಾಡುವುದಿಲ್ಲವಾ?”

ಆ ಮಧ್ಯಾಹ್ನ ನಾನು ಎರಡನೇ ಸಲ ಅನ್ನ ಬಡಿಸಿಕೊಂಡೆ.